ಬೆಳಕಿನ ಕುರ್ಚಿ

“ಅಪ್ಪಾ, ಅದನ್ನ ಮಾತ್ರ ಮುಟ್ಟಬೇಡ!” ಎಂದು ಮಗಳು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಪೇಂಟರ್ ಸ್ಟೂಲು ಹತ್ತಿ ಕಿಟಕಿಯ ರಟ್ಟಿಗೆ ಕೈ ಹಾಕಿಯಾಗಿತ್ತು. ರಟ್ಟಿನ ಮೇಲೆ ರಟ್ಟು, ಅದರ ಮೇಲೆ ಮಡಿಸಿ ಹೊಡೆದ ಕಪ್ಪು ಬಟ್ಟೆ, ಸುತ್ತಲೂ ಕಂದು ಬಣ್ಣದ ಟೇಪು. ಒಂದು ಮೂಲೆ ಹಿಡಿದು ಎಳೆದ. ಗೋಡೆಯ ಸುಣ್ಣವನ್ನೂ ಜೊತೆಗೆ ಕರೆದುಕೊಂಡು ಅದು ಚರ್ರೆಂದು ಕಿತ್ತು ಬಂತು. ಎಳೆಯುವುದರಲ್ಲಿ ಅವನಿಗೆ ಒಂದು ಸುಖವಿತ್ತು. ಬೆಳಗಿನಿಂದ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುವುದೆಂದು ತಿಳಿಯದೆ ಕೂತಿದ್ದ ಮನುಷ್ಯನಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

“ಇದು ಮನೆಯೇನೇ? ಗವಿ! ಮಟಮಟ ಮಧ್ಯಾಹ್ನ ಲೈಟ್ ಹಾಕ್ಕೊಂಡು ಕೂತಿದೀರಲ್ಲ. ಕುಡಿದು ಬಿದ್ದುಕೊಳ್ಳೋಕೆ ನಿನ್ನ ಗಂಡನಿಗೆ ಕತ್ತಲೆ ಬೇಕು, ಸರಿ. ಮಗು ಏನು ಪಾಪ ಮಾಡಿತ್ತು?”

“ಅವರು ಕುಡಿಯಲ್ಲ ಅಂತ ಎಷ್ಟು ಸಲ ಹೇಳ್ಲಿ?”

“ಹೇಳ್ತಾನೇ ಇರು ನೀನು.”

ಇನ್ನೊಂದು ಎಳೆತಕ್ಕೆ ಇಡೀ ಹೊದಿಕೆ ಅವನ ತಲೆಯ ಮೇಲೆಯೇ ಕುಸಿಯಿತು. ಕೆಮ್ಮುತ್ತ, ಕೂದಲಿನಿಂದ ಸುಣ್ಣ ಕೊಡವುತ್ತ ಕಿಟಕಿಯ ಕದ ತಳ್ಳಿದ. ಗಾಳಿ ಒಳಗೆ ನುಗ್ಗಿತು. ಗೆದ್ದವನ ಮುಖ ಮಾಡಿಕೊಂಡು ಹೊರಗೆ ನೋಡಿದ ಪೇಂಟರ್ ಹಾಗೇ ನಿಂತುಬಿಟ್ಟ.

“ಅರೆ!” ಎಂದ. “ನನ್ನ ಕುರ್ಚಿ!”

ಎದುರಿಗೆ, ದೊಡ್ಡ ರಸ್ತೆಯ ಆಚೆ ಬದಿಯಲ್ಲಿ, ಪೀಠೋಪಕರಣದ ಅಂಗಡಿಯ ನೆತ್ತಿಯ ಮೇಲೆ ಒಂದು ಮಹಡಿಯಷ್ಟು ಎತ್ತರದ ಕುರ್ಚಿ ನಿಂತಿತ್ತು. ಬಿಸಿಲಲ್ಲಿ ಅದು ಬೂದಿ ಬಣ್ಣದ ಪ್ಲಾಸ್ಟಿಕ್ಕು, ಧೂಳು, ಹಕ್ಕಿಯ ಹಿಕ್ಕೆ. ಆದರೆ ಮಾಡಿದವನ ಕಣ್ಣಿಗೆ ಹಾಗೆ ಕಾಣುತ್ತದೆಯೇ? ತೋಳುಗಳ ಬಾಗು, ಕಾಲುಗಳ ತಿರುವು, ಕೆಳಗಿನ ದಪ್ಪಕ್ಷರಗಳು, ಎಲ್ಲವನ್ನೂ ಅವನು ಮನೆಗೆ ಬಂದ ನೆಂಟನನ್ನು ನೋಡುವಂತೆ ನೋಡಿದ.

“ಇಷ್ಟು ದಿನ ಹಿಂದಿನ ಓಣಿಯಿಂದ ಮೆಟ್ಟಿಲು ಹತ್ತಿ ಬಂದು, ಹಾಲಲ್ಲೇ ಕೂತು ಹೋಗ್ತಿದ್ದೆ. ಈ ಕೋಣೆ ದೊಡ್ಡ ರಸ್ತೆ ಕಡೆ ಮುಖ ಮಾಡಿದೆ ಅಂತ ನನಗೇನು ಗೊತ್ತು? ಬಾಲ್ಕನಿ ಟಿಕೆಟ್ ಕಣೇ ನಿಮ್ಮದು! ನನ್ನ ಕುರ್ಚಿ ಇಲ್ಲಿಂದ ಕಾಣುತ್ತೆ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು” ಎಂದಳು ಮಗಳು. ನೆಲದ ಮೇಲೆ ಬಿದ್ದಿದ್ದ ರಟ್ಟನ್ನು ಎತ್ತಿ, ಹರಿದ ಅಂಚನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಳು.

“ಒಂದು ದಿನಾನೂ ಬಾಯಿ ಬಿಡಲಿಲ್ವಲ್ಲ!”

ಅವಳು ರಟ್ಟನ್ನು ಗೋಡೆಗೆ ಒರಗಿಸಿಟ್ಟಳು.

ಅವನನ್ನು ಊರೆಲ್ಲ ಪೇಂಟರ್ ಎಂದೇ ಕರೆಯುತ್ತಿತ್ತು, ಕುಂಚ ಮುಟ್ಟಿ ವರ್ಷಗಳಾಗಿದ್ದರೂ. ಒಂದು ಕಾಲದಲ್ಲಿ ಈ ಊರಿನ ಅರ್ಧ ಅಂಗಡಿಗಳ ಹೆಸರು ಅವನ ಕೈಬರಹದಲ್ಲೇ ಇತ್ತು. ಆಮೇಲೆ ಯಂತ್ರದಲ್ಲಿ ಮುದ್ರಿಸಿದ ಫ್ಲೆಕ್ಸ್ ಬಂತು, ಕುಂಚ ಡಬ್ಬಿಯಲ್ಲೇ ಒಣಗಿತು. ಅದೇ ಹೊತ್ತಿಗೆ ಹೆಂಡತಿಯೂ ತೀರಿಕೊಂಡಳು. ಪೇಂಟರ್ ಮನೆಯ ಮೂಲೆ ಹಿಡಿದು ಕೂತ. ಕೂತವನನ್ನು ಎಬ್ಬಿಸಿದ್ದು ಬೆಳಕಿನ ಬೋರ್ಡು. ತನ್ನ ಅರ್ಧ ವಯಸ್ಸಿನವರ ಹತ್ತಿರ ಹೋಗಿ, ನಾಚಿಕೆ ಬಿಟ್ಟು ಕಲಿತ. ಈ ಕುರ್ಚಿ ಅವನ ಮೊದಲ ದೊಡ್ಡ ಕೆಲಸ. ಅದನ್ನು ಹಚ್ಚಿದ ಸಂಜೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದ್ದರು. ಪೇಂಟರ್ ಎಲ್ಲರನ್ನೂ ನೋಡುತ್ತ ನಿಂತಿದ್ದ. ಆವತ್ತಿನಿಂದ ಅವನ ನಡಿಗೆಯೇ ಬೇರೆಯಾಯಿತು.

ಇವತ್ತು ಅವನು ಬಂದದ್ದು ಮಾತ್ರ ಬೋರ್ಡು ನೋಡುವುದಕ್ಕಲ್ಲ, ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗುವುದಕ್ಕೆ. ಅಳಿಯ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಮೊದಲ ಬಸ್ಸು ಅವನದು. ಊರು ಕಣ್ಣು ಬಿಡುವ ಮೊದಲೇ ಡಿಪೋದಲ್ಲಿರಬೇಕು, ಹಾಗಾಗಿ ಊರು ಊಟಕ್ಕೆ ಕೂರುವ ಮೊದಲೇ ನಿದ್ದೆ ಹೋಗಬೇಕು. ಹೋದ ವಾರ ಬೆಳಗಿನ ಜಾವ ಅವನು ಬಸ್ಸನ್ನು ನೇರ ಒಂದು ತಂಗುದಾಣದ ಕಂಬಕ್ಕೆ ಗುದ್ದಿಸಿದ್ದ. ಪುಣ್ಯಕ್ಕೆ ಅಲ್ಲಿ ಯಾರೂ ನಿಂತಿರಲಿಲ್ಲ. ‘ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ’ ಎಂದಿದ್ದನಂತೆ. ಬಾಯಿ ಮೂಸಿ ನೋಡಿದರು, ವಾಸನೆ ಇರಲಿಲ್ಲ. ಆದರೂ ಕೆಲಸದಿಂದ ಅಮಾನತು ಮಾಡಿ, ವಿಚಾರಣೆ ಇಟ್ಟರು. ವಿಚಾರಣೆ ನಾಳೆ. ಕೆಲಸ ಉಳಿಯುತ್ತದೋ ಹೋಗುತ್ತದೋ ನಾಳೆ ಗೊತ್ತಾಗುತ್ತದೆ.

ಡಿಪೋದ ಸಾಹೇಬರು ಪೇಂಟರನಿಗೆ ಹಳೆಯ ಪರಿಚಯ, ಬಸ್ಸುಗಳ ಮೇಲೆ ಊರಿನ ಹೆಸರು ಬರೆಯುತ್ತಿದ್ದ ಕಾಲದ್ದು. ಅವರು ಮೊನ್ನೆ ದಾರಿಯಲ್ಲಿ ಸಿಕ್ಕಿ, “ಏನ್ರೀ, ನಿಮ್ಮ ಅಳಿಯ ಮನೇಲಿ ಹೇಗೆ?” ಎಂದು ಕೇಳಿದ್ದರು. ಅಳಿಯ ಕುಡಿಯುತ್ತಾನೆ ಎಂದು ಪೇಂಟರ್ ಹೇಳಲಿಲ್ಲ. “ನಾನೇನು ಹೇಳ್ಲಿ ಸಾರ್, ಕಣ್ಣು ನೋಡಿದ್ರೆ ಗೊತ್ತಾಗಲ್ವಾ?” ಎಂದಷ್ಟೇ ಹೇಳಿ ನಿಟ್ಟುಸಿರು ಬಿಟ್ಟಿದ್ದ. ಸಾಹೇಬರು ತಲೆಯಾಡಿಸಿದ್ದರು. ಮನೆಯವರೇ ಹೀಗಂದ ಮೇಲೆ ಇನ್ನೇನು ಬೇಕು ಎನ್ನುವ ಹಾಗಿತ್ತು ಆ ತಲೆಯಾಡಿಸುವಿಕೆ.

ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ. ಅಳಿಯನ ಕಣ್ಣು ಯಾವಾಗ ನೋಡಿದರೂ ಕೆಂಪು. ಮಾತಾಡುತ್ತ ಮಾತಾಡುತ್ತ ತೂಗುತ್ತಾನೆ. ಇವತ್ತಂತೂ ಸಾಕ್ಷಿಯೇ ಸಿಕ್ಕಿತ್ತು: ಕೂರಲು ಸ್ಟೂಲು ಹುಡುಕುತ್ತ ಈ ಕೋಣೆಗೆ ಬಂದಾಗ ಮಂಚದ ಕೆಳಗೆ ಒಂದು ಹಾಸಿಗೆ, ಒಂದು ದಿಂಬು, ಗಂಡಸಿನ ಒಂದು ಹಳೇ ಪಂಚೆ. ಮಂಚದ ಸುತ್ತ ದುಪ್ಪಟಿಗಳನ್ನು ನೆಲ ಮುಟ್ಟುವ ಹಾಗೆ ಇಳಿಬಿಟ್ಟಿದ್ದರು, ನಾಚಿಕೆ ಮುಚ್ಚುವುದಕ್ಕೆ. ಕುಡಿದು ಬಂದವನನ್ನು ಮಂಚದ ಕೆಳಗೆ ತಳ್ಳಿ, ಮೇಲೆ ಮಗುವನ್ನು ತಬ್ಬಿ ಮಲಗುವ ಗತಿ ತನ್ನ ಮಗಳಿಗೆ ಬಂತಲ್ಲ ಎಂದು ಪೇಂಟರನ ಹೊಟ್ಟೆ ಉರಿದುಹೋಗಿತ್ತು. ಆ ಉರಿಯೇ ರಟ್ಟು ಕಿತ್ತದ್ದು.

“ಬಟ್ಟೆ ಕಟ್ಟಿಕೊಂಡೆಯಾ?” ಎಂದು ಕೇಳಿದ.

“ಅಪ್ಪಾ, ನಾನು ಎಲ್ಲಿಗೂ ಬರಲ್ಲ. ನೀನು ಹೊರಡು. ಸಂಜೆ ಬಸ್ಸಲ್ಲಿ ರಶ್ಶು.”

“ಬಂದಾಗಿನಿಂದ ಹೊರಡು ಹೊರಡು ಅಂತೀಯ. ಅಪ್ಪ ಅಷ್ಟು ಭಾರ ಆದ್ನಾ?”

“ಹಾಗಲ್ಲ...” ಎಂದು ಅವಳು ಕಿಟಕಿಯ ಕಡೆ ನೋಡಿದಳು. ರಸ್ತೆಯ ಮರದ ನೆರಳು ಉದ್ದವಾಗುತ್ತಿತ್ತು.

ಅಳಿಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿನಿಂದ ಬಂದ. ದೊಡ್ಡ ಆಳು, ಬಾಗಿಲಲ್ಲಿ ತಲೆ ತಗ್ಗಿಸದೆ ಬರುವಂತಿಲ್ಲ. ಮಾವನನ್ನು ನೋಡಿ, “ಬಂದ್ರಾ ಮಾವ” ಎಂದ. ಆಮೇಲೆ ಬರಿದಾದ ಕಿಟಕಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳು ಕಣ್ಣಲ್ಲೇ ಬೇಡ ಎಂದಳು. ಅವನು ಮಗುವನ್ನು ಇಳಿಸಿದ.

“ಗಾಳಿ ಬೆಳಕು ಬರ್ಲಿ ಅಂತ ನಾನೇ ಕಿತ್ತೆ” ಎಂದ ಪೇಂಟರ್, ಕೆಣಕುವ ದನಿಯಲ್ಲೇ. “ಏನಾದ್ರೂ ತೊಂದ್ರೆನಾ?”

“ಏನಿಲ್ಲ ಮಾವ. ಒಳ್ಳೇದೇ ಆಯ್ತು.”

ಈ ತಣ್ಣಗಿನ ಮಾತು ಪೇಂಟರನನ್ನು ಇನ್ನಷ್ಟು ಕೆರಳಿಸಿತು. ಎದುರು ಮಾತಾಡಿದ್ದರೆ ನಾಲ್ಕು ಹಾಕಬಹುದಿತ್ತು. ಅಳಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹಣೆಯ ಎರಡೂ ಪಕ್ಕ ಒತ್ತಿಕೊಂಡ. ಕಣ್ಣುಗಳು ಅದೇ ಕೆಂಪು. ಮಗಳು ಕಾಫಿ ತಂದು ಅಪ್ಪನ ಕೈಗೆ ಕೊಟ್ಟು, “ಕುಡಿದು ಹೊರಟುಬಿಡು, ಕತ್ತಲಾದ್ರೆ ನಿನಗೆ ಕಷ್ಟ” ಎಂದಳು.

“ಕತ್ತಲೆ ಎಲ್ಲಿಯ ಕತ್ತಲೆ? ನನ್ನ ಕುರ್ಚಿ ಇದೆಯಲ್ಲ ಎದುರಿಗೇ!” ಪೇಂಟರನಿಗೆ ಈಗ ಹೊಸ ಹಟ ಹತ್ತಿತು. “ಹಗಲಲ್ಲಿ ಬೋರ್ಡು ನೋಡಬಾರದು ಕಣೆ. ಹೊತ್ತಿದ ಮೇಲೆ ನೋಡಬೇಕು. ಕೆಳಗೆ ನಿಂತು ನೋಡಿ ನೋಡಿ ಕತ್ತು ನೋವು ಬಂತೇ ಹೊರತು ನೇರ ಎದುರಿಂದ ಒಂದು ದಿನವೂ ನೋಡಿಲ್ಲ. ಹಚ್ಚಿದ್ದು ನೋಡ್ಕೊಂಡೇ ಹೋಗೋದು. ಆಮೇಲೆ ನೀನು ಬರ್ತೀಯೋ ಇಲ್ವೋ ಮಾತಾಡೋಣ.”

ಗಂಡ ಹೆಂಡತಿ ಮತ್ತೊಮ್ಮೆ ಮುಖ ಮುಖ ನೋಡಿಕೊಂಡರು.

ಪೇಂಟರ್ ಸ್ಟೂಲನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ತನ್ನ ಕಸುಬಿನ ಮಾತು ಬಂದರೆ ಅವನಿಗೆ ಕೇಳುವವರು ಬೇಕು, ವಯಸ್ಸಿನ ಹಂಗಿಲ್ಲ. “ಇಲ್ಲಿ ನೋಡು ಪುಟ್ಟೀ, ಮೊದಲು ಕಾಲು ಹತ್ತುತ್ತೆ. ಆಮೇಲೆ ಸೀಟು. ಆಮೇಲೆ ಬೆನ್ನು. ಆಮೇಲೆ ಎಲ್ಲಾ ಒಟ್ಟಿಗೆ ಝಗ್ ಅಂತ! ಒಂದು ಕ್ಷಣ ಆರುತ್ತೆ, ಮತ್ತೆ ಕಾಲಿಂದ ಶುರು. ಯಾಕೆ ಆರಿಸೋದು ಗೊತ್ತಾ? ಸುಮ್ಮನೆ ಉರೀತಾ ಇದ್ರೆ ಕಣ್ಣು ಒಗ್ಗಿಹೋಗುತ್ತೆ, ಯಾರೂ ನೋಡಲ್ಲ. ಆರಿ ಹತ್ತಿದ್ರೆ ಬೇಡ ಅಂದ್ರೂ ನೋಡಲೇಬೇಕು. ಅದು ತಾತನ ತಲೆ!”

ಮಗು ಅವನ ಅಂಗಿಯ ಗುಂಡಿ ಬಾಯಿಗೆ ಹಾಕಿಕೊಂಡಿತು.

“ಬೋರ್ಡು ಜೋರಾಗಿದೆಯಾ ಇಲ್ವಾ ಅಂತ ನಾವು ಹುಳ ನೋಡಿ ಹೇಳ್ತೀವಿ” ಎಂದು ಅವನು ಅಳಿಯನಿಗೂ ಕೇಳಿಸುವಂತೆ ಮುಂದುವರಿಸಿದ. “ಹಿಂದಿನ ಡಬ್ಬಿ ಬಿಚ್ಚಿದಾಗ ಎಷ್ಟು ಹುಳ ಬಿತ್ತೋ ಅಷ್ಟು ಒಳ್ಳೇ ಬೋರ್ಡು. ನನ್ನ ಕುರ್ಚೀಲಿ ಮೊರಗಟ್ಟಲೆ ಸಿಕ್ಕುತ್ತೆ!”

ಅಳಿಯ ಹೂಂಗುಟ್ಟಿದ. ಹೂಂಗುಟ್ಟುತ್ತಲೇ ಅವನ ತಲೆ ಎದೆಗೆ ವಾಲಿ, ಮತ್ತೆ ಬೆಚ್ಚಿ ಎದ್ದಿತು. ನೋಡು ಎನ್ನುವಂತೆ ಪೇಂಟರ್ ಮಗಳ ಕಡೆ ಹುಬ್ಬು ಹಾರಿಸಿದ.

ಹೊರಗೆ ಆಕಾಶ ಮಾಸಿತು. ಅಂಗಡಿಯ ಪಕ್ಕದ ಮರ ಎಲೆ ಉದುರಿಸುವ ಕಾಲ. ಮೂರು ಪಾಲು ಬೋಳಾಗಿತ್ತು. ಕುರ್ಚಿಯ ಬೆನ್ನಿಗೆ ತಾಗಿದ್ದ ಕೊಂಬೆಗಳಲ್ಲಿ ಮಾತ್ರ ಹಸಿರು ಎಲೆ ದಟ್ಟವಾಗಿ ನಿಂತಿತ್ತು, ಯಾರೋ ಆ ಕೊಂಬೆಗೆ ಮಾತ್ರ ಸುದ್ದಿ ಮುಟ್ಟಿಸದೆ ಬಿಟ್ಟ ಹಾಗೆ. ಪೇಂಟರ್ ಅದನ್ನು ನೋಡಿದ, ಆದರೆ ಅವನ ಮನಸ್ಸು ಅಲ್ಲಿರಲಿಲ್ಲ.

ಕುರ್ಚಿಯ ಕಾಲು ಹತ್ತಿತು.

“ಹಾಂ!” ಎಂದ ಪೇಂಟರ್.

ಸೀಟು ಹತ್ತಿತು. ಬೆನ್ನು ಹತ್ತಿತು. ಒಟ್ಟಿಗೆ ಝಗ್ಗೆಂದು ಎಲ್ಲ ಹೊತ್ತಿದಾಗ ಅವನು ತನಗೆ ಅರಿವಿಲ್ಲದೆ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದಿದ್ದ. ನೇರ ಎದುರಿನಿಂದ ಅದು ಹೀಗೆ ಕಣ್ಣಿಗೆ ಹೊಡೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನೋಡುವ ಖುಷಿ ಎರಡು ಸುತ್ತು ಇತ್ತು. ಮೂರನೆಯ ಸುತ್ತಿಗೆ ನೀರು ತುಂಬಿದ ಕಣ್ಣು ತಿರುಗಿಸಿ ಕೋಣೆಯೊಳಗೆ ನೋಡಿದ.

ಕೋಣೆಯಲ್ಲಿ ಬಣ್ಣವೇ ಉಳಿದಿರಲಿಲ್ಲ. ಗೋಡೆ, ಮಂಚ, ನೀರಿನ ಬಿಂದಿಗೆ, ಮಗಳ ಮುಖ, ಎಲ್ಲ ಒಂದೇ ಬಿಳಿ. ಆರಿತು, ಎಲ್ಲ ಮಾಯ. ಮತ್ತೆ ಬಿಳಿ. ಆ ಬಿಳಿಯಲ್ಲಿ, ಆರಿ ಹತ್ತುವ ನಡುವೆ, ಮಗಳು ದಿನಾ ಮಾಡುವ ಕೆಲಸ ಶುರು ಮಾಡಿದ್ದಳು. ಹರಿದ ರಟ್ಟನ್ನು ಕಿಟಕಿಗೆ ಆನಿಸಿ ನಿಲ್ಲಿಸಲು ನೋಡಿದಳು, ಅದು ನಿಲ್ಲಲಿಲ್ಲ. ಬೀರುವಿನ ಬಾಗಿಲನ್ನು ತೆಗೆದು ಮಂಚಕ್ಕೆ ಅಡ್ಡ ಮಾಡಿದಳು. ದುಪ್ಪಟಿಯೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು ಇನ್ನೊಂದನ್ನು ಮಂಚದ ಅಂಚಿಗೆ ಸಿಕ್ಕಿಸಿದಳು. ಮಗು ಇಳಿದು ಓಡಿ, “ಬೆಳಗಾಯ್ತು, ಬೆಳಗಾಯ್ತು” ಎಂದು ಕೋಣೆಯ ತುಂಬ ಕುಣಿಯತೊಡಗಿತು. ಈಗ ತಾನೆ ಆಕಳಿಸುತ್ತಿದ್ದ ಮಗು.

“ಇವಳು ಇನ್ನು ಮಲಗಲ್ಲ” ಎಂದಳು ಮಗಳು, ಯಾರಿಗೂ ಅಲ್ಲದಂತೆ.

ಅಳಿಯ ಎದ್ದು ನಿಂತ. ಮಾವನ ಮುಂದೆ ಒಂದು ಗಳಿಗೆ ಹಿಂದೆಮುಂದೆ ನೋಡಿದ. “ಮಾವ, ತಪ್ಪು ತಿಳ್ಕೋಬೇಡಿ. ನಾಳೆ ಬೆಳಿಗ್ಗೆ ಡಿಪೋಗೆ ಹೋಗಬೇಕು. ಅಲ್ಲಿ ಕಣ್ಣು ಹೀಗೇ ಇದ್ರೆ... ಸ್ವಲ್ಪ ಹೊತ್ತಾದ್ರೂ ಮಲಗಬೇಕು” ಎಂದ. ಆಮೇಲೆ ಆ ದೊಡ್ಡ ಆಳು ಮೊಣಕಾಲೂರಿ, ದುಪ್ಪಟಿ ಎತ್ತಿ, ಹೊಟ್ಟೆಯ ಮೇಲೆ ತೆವಳುತ್ತ ಮಂಚದ ಕೆಳಗೆ ಹೋದ. ಮೊದಲು ತಲೆ, ಆಮೇಲೆ ಬೆನ್ನು. ಕಾಲು ಹಿಡಿಸಲಿಲ್ಲ. ಪಾದಗಳು ಹೊರಗೇ ಉಳಿದವು. ಮಗಳು ಅವುಗಳ ಮೇಲೆ ಟವೆಲು ಹಾಕಿದಳು. ಬೆಳಕು ಆ ಟವೆಲಿನ ಮೇಲೆ ಹತ್ತಿ ಆರಿ ಹತ್ತಿತು.

ಪೇಂಟರ್ ಸ್ಟೂಲಿನಿಂದ ಎದ್ದಿದ್ದ. ಅವನು ನೋಡುತ್ತಿದ್ದದ್ದು ಆ ಪಾದಗಳನ್ನು. ಕತ್ತಲೆ ಬೇಕಾದದ್ದು ಇದಕ್ಕೆ. ಹಾಸಿಗೆ ಮಂಚದ ಕೆಳಗಿದ್ದದ್ದು ಇದಕ್ಕೆ. ಕಣ್ಣು ಕೆಂಪಾದದ್ದು ಇದಕ್ಕೆ. ಒಂದೊಂದೇ ಅವನಿಗೆ ಅರ್ಥವಾಗುತ್ತಾ ಹೋಯಿತು. ತಾನು ಇಷ್ಟು ದೊಡ್ಡದಾಗಿ ಮಾತಾಡಿದ್ದನ್ನೆಲ್ಲ ಈ ಗೋಡೆಗಳು ಕೇಳಿವೆಯಲ್ಲ ಎನಿಸಿತು.

ಮಗಳ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ. “ಯಾವಾಗಿನಿಂದ?” ಎಂದು ಕೇಳಿದ.

“ಈ ಮನೆಗೆ ಬಂದಾಗಿನಿಂದ. ಡಿಪೋಗೆ ಹತ್ತಿರ ಅಂತ ಬಂದ್ವಿ. ಹಗಲಲ್ಲಿ ಮನೆ ನೋಡಿದ್ವಿ, ಬೋರ್ಡು ಹೀಗೆ ಅಂತ ಗೊತ್ತಾಗ್ಲಿಲ್ಲ. ತಲೆನೋವು ಅಂತ ಡಾಕ್ಟರ್ ಹತ್ತಿರ ಹೋದ್ರೆ, ಕತ್ತಲೇಲಿ ಮಲಗಿ, ಎಲ್ಲ ಸರಿಹೋಗುತ್ತೆ ಅಂದ್ರು. ಆಮೇಲೇ ರಟ್ಟು ಬಡಿದಿದ್ದು. ಅದರಿಂದ ಅರ್ಧ ತಡೀತು. ಇನ್ನರ್ಧಕ್ಕೆ ಮಂಚದ ಕೆಳಗೆ. ಹಾಲಲ್ಲಿ ಮಲಗೋಣ ಅಂದ್ರೆ ಓಣಿಯ ಗಲಾಟೆ.”

“ನನಗೆ ಯಾಕೆ ಹೇಳ್ಲಿಲ್ಲ? ನಾನು ನಿನ್ನ ಅಪ್ಪ ಅಲ್ವೇನೆ?”

“ನಾನು ಹೇಳೋಣ ಅಂದೆ. ಅವರೇ ಬೇಡ ಅಂದ್ರು.” ಅವಳು ಒಲೆಯ ಕಟ್ಟೆಯನ್ನು ಸುಮ್ಮನೆ ಒರೆಸುತ್ತಿದ್ದಳು. “ಅಮ್ಮ ಹೋದಮೇಲೆ ನೀನು ಮಾತೇ ಬಿಟ್ಟಿದ್ದೆ. ಈ ಬೋರ್ಡು ಹಚ್ಚಿದ ದಿನ ನಕ್ಕೆ ಅಂತ ನಾನೇ ಅವರಿಗೆ ಹೇಳಿದ್ದೆ. ‘ನಿಮ್ಮಪ್ಪ ಒಂದೇ ಒಂದು ಕುರ್ಚಿ ಮಾಡಿ ಎದ್ದು ಕೂತಿದ್ದಾರೆ, ಅದನ್ನ ಕಿತ್ಕೋಬಾರದು. ನಾವು ಹೇಗೋ ಮಾಡ್ಕೊಳ್ಳೋಣ’ ಅಂದ್ರು. ಅಂಗಡಿಯವರ ಹತ್ತಿರ ಹೋಗಿ ಸ್ವಲ್ಪ ಕಮ್ಮಿ ಮಾಡ್ತೀರಾ ಅಂತ ಕೇಳಿ ಬಂದ್ರು. ಅದು ಆಗಲ್ವಂತೆ.”

ಪೇಂಟರನಿಗೆ ಅಂಗಡಿಯವರು ಒಮ್ಮೆ ಫೋನು ಮಾಡಿದ್ದರು. ಎದುರು ಮನೆಯವನೊಬ್ಬ ಬಂದಿದ್ದಾನೆ ಎಂದಿದ್ದರು. ತಾನು ಏನೋ ಹೇಳಿದ್ದ. ಏನು ಹೇಳಿದ್ದೆ ಎಂಬುದು ನೆನಪಾಗತೊಡಗಿದ ಕೂಡಲೇ ಅವನು ಚಪ್ಪಲಿ ಮೆಟ್ಟಿಕೊಂಡ.

“ಅಪ್ಪಾ, ಎಲ್ಲಿಗೆ? ಜಗಳ ಆಡಬೇಡ.”

“ಯಾರ ಹತ್ತಿರ ಆಡ್ಲಿ?” ಎಂದು ಅವನು ಮೆಟ್ಟಿಲಿಳಿದ.

ಅಂಗಡಿಯ ಯಜಮಾನರು ಗಿರಾಕಿಯೊಬ್ಬನಿಗೆ ಸೋಫಾದ ಮೇಲೆ ಕುಪ್ಪಳಿಸಿ ತೋರಿಸುತ್ತಿದ್ದರು. ಪೇಂಟರನನ್ನು ನೋಡಿ ಬಾಯ್ತುಂಬ ನಕ್ಕರು. “ಬನ್ನಿ ಬನ್ನಿ! ಎಲ್ಲಾರೂ ಕುರ್ಚಿ ಅಂಗಡಿ ಅಂತಲೇ ಗುರುತು ಹೇಳ್ತಾರೆ ಈಗ. ಏನು ಇಷ್ಟು ಹೊತ್ತಲ್ಲಿ?”

“ಬೋರ್ಡು ಆರಿಸಬೇಕು ಯಜಮಾನ್ರೇ.”

“ಯಾಕೆ, ಏನಾದ್ರೂ ಸುಡ್ತಾ ಇದೆಯಾ?”

“ಹೂಂ” ಎಂದ ಪೇಂಟರ್. ಸುಳ್ಳು ಹೇಳಿದ್ದಕ್ಕೆ ಮತ್ತೆ ನಾಚಿಕೆಯಾಗಿ, ತಕ್ಷಣ, “ಇಲ್ಲ. ಸುಡ್ತಿಲ್ಲ. ಎದುರು ಮನೇಲಿ ಯಾರೂ ಮಲಗೋಕೆ ಆಗ್ತಿಲ್ಲ. ನಾಳೆ ಬಂದು ಬೆಳಕು ಇಳಿಸಿ ಕೊಡ್ತೀನಿ. ಆರಿ ಹತ್ತೋದನ್ನೂ ತೆಗೀತೀನಿ. ನೀವು ಬಾಗಿಲು ಹಾಕೋ ಹೊತ್ತಿಗೆ ತಾನೇ ಆರೋ ಹಾಗೆ ಮಾಡ್ತೀನಿ. ಇವತ್ತಿಗೆ ಪೂರ್ತಿ ಆರಿಸ್ತೀನಿ” ಎಂದ.

ಯಜಮಾನರು ನಗು ನಿಲ್ಲಿಸಿದರು. “ಇದೇನ್ರೀ ಇದು? ಆ ಡ್ರೈವರ್ ನಿಮ್ಮ ಹತ್ತಿರಾನೂ ಬಂದ್ನಾ? ಅವನಿಗೆ ಅವತ್ತೇ ಉತ್ತರ ಕೊಟ್ಟಿದ್ರಲ್ಲ ನೀವು!”

“ಏನೋ ಅಂದಿದ್ದೆ, ಆವತ್ತು...”

“ಏನೋ ಅಲ್ಲ, ಚೆನ್ನಾಗೇ ಅಂದ್ರಿ. ಅವನು ಪಾಪ ಇಲ್ಲೇ, ಈ ಮೇಜಿನ ಮುಂದೇ ನಿಂತಿದ್ದ. ನನ್ನ ಮಾತು ನಂಬಲ್ಲ, ಬೋರ್ಡು ಮಾಡಿದವರ ಬಾಯಿಂದಲೇ ಕೇಳ್ಲಿ ಅಂತ ಸ್ಪೀಕರ್ ಹಾಕಿದ್ದೆ. ‘ಇಂಥೋರ ಮಾತು ಕೇಳಿದ್ರೆ ಊರಲ್ಲಿ ಒಂದು ಬೋರ್ಡೂ ಉರಿಯಲ್ಲ. ನಿದ್ದೆ ಬರದಿದ್ರೆ ಕಣ್ಣಿಗೆ ಬಟ್ಟೆ ಕಟ್ಕೊಳ್ಳೋಕೆ ಹೇಳಿ. ನಾಳೆ ಬಂದು ಇನ್ನೂ ಸ್ವಲ್ಪ ಏರಿಸಿಕೊಡ್ತೀನಿ’ ಅಂದ್ರಿ. ಬಂದು ಏರಿಸಿಯೂ ಕೊಟ್ರಿ. ಅವನು ಫೋನನ್ನೇ ನೋಡ್ತಾ ನಿಂತಿದ್ದು, ನಮಸ್ಕಾರ ಮಾಡಿ ಹೋದ. ಆಮೇಲೆ ಈ ಕಡೆ ತಲೆ ಹಾಕ್ಲಿಲ್ಲ.”

ಪೇಂಟರ್ ಮೇಜಿನ ಅಂಚು ಹಿಡಿದುಕೊಂಡ. ಅಳಿಯ ತನ್ನ ದನಿಯನ್ನು ಗುರುತಿಸದೆ ಇರುತ್ತಾನೆಯೇ? ಆಮೇಲೂ ಎಷ್ಟು ಸಲ ‘ಬಂದ್ರಾ ಮಾವ’ ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟಿದ್ದ. ಈ ಮನುಷ್ಯನ ಬಗ್ಗೆಯೇ ತಾನು ಸಾಹೇಬರ ಮುಂದೆ ನಿಟ್ಟುಸಿರು ಬಿಟ್ಟದ್ದು.

“ಅವನು ನನ್ನ ಅಳಿಯ” ಎಂದ.

ಗಿರಾಕಿ ಸೋಫಾದಿಂದ ಎದ್ದು ದೂರ ಹೋಗಿ ಬೇರೇನನ್ನೋ ನೋಡತೊಡಗಿದ. “ಅವನು ಹೇಳಬೇಕಿತ್ತಲ್ಲ” ಎಂದರು ಯಜಮಾನರು, ಸಣ್ಣ ದನಿಯಲ್ಲಿ. “ಒಂದು ಮಾತು ಹೇಳಿದ್ರೆ... ಹೋಗಿ, ಆರಿಸಿ ಹೋಗಿ.”

ಪೇಂಟರ್ ತಾರಸಿಯ ಮೆಟ್ಟಿಲು ಹತ್ತಿದ. ಕುರ್ಚಿಯ ಹಿಂಬದಿಯ ಡಬ್ಬಿಯ ಬೀಗದ ಕೈ ಅವನ ಸೊಂಟದ ಗೊಂಚಲಿನಲ್ಲೇ ಇತ್ತು. ತಾನು ಮಾಡಿದ ಬೋರ್ಡಿನ ಕೀ ಒಂದನ್ನು ಅವನು ಎಂದೂ ಬಿಟ್ಟುಕೊಟ್ಟವನಲ್ಲ. ಬಾಗಿಲು ತೆಗೆದ. ಒಳಗಿನಿಂದ ಹುಳಗಳು ಸುರಿದವು. ಸತ್ತು ಒಣಗಿದ ಹುಳಗಳು, ರೆಕ್ಕೆ, ಕಾಲು, ಹೊಟ್ಟಿನ ಹಾಗೆ ಅವನ ಪಾದದ ಮೇಲೆ, ಚಪ್ಪಲಿಯೊಳಗೆ. ಇನ್ನೂ ಜೀವವಿದ್ದವು ಕೆಲವು ಅವನ ಮುಖಕ್ಕೆ ಬಡಿದು, ಮತ್ತೆ ಬೆಳಕಿನ ಕಡೆಗೇ ಹೋದವು. ಪಕ್ಕದ ಹಸಿರು ಕೊಂಬೆಯಲ್ಲಿ ಒಂದು ಹಕ್ಕಿ ಎಚ್ಚರವಾಗಿ ಕೂತು, ಬೆಳಗಾಯಿತೆಂದೇ ತಿಳಿದು ಕೂಗುತ್ತಿತ್ತು. ಮೊರಗಟ್ಟಲೆ ಎಂದು ಮೊಮ್ಮಗಳಿಗೆ ಹೇಳಿಕೊಂಡದ್ದು ಅವನಿಗೆ ನೆನಪಾಯಿತು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ಅವನು ಮುಖ ತಗ್ಗಿಸಿದ.

ಮೇನ್ ಸ್ವಿಚ್ಚು ಕೆಳಗೆಳೆದ. ಬೆನ್ನು, ಸೀಟು, ಕಾಲು ಎಂದು ಕ್ರಮವಾಗಿ ಏನೂ ಆಗಲಿಲ್ಲ. ಕುರ್ಚಿ ಒಟ್ಟಿಗೇ ಆರಿಹೋಯಿತು. ಎದುರು ಮನೆಯ ಕಿಟಕಿ ಕಾಣದಾಯಿತು. ಕೆಳಗೆ ರಸ್ತೆಯಲ್ಲಿ ಯಾರೋ, “ಕರೆಂಟ್ ಹೋಯ್ತಾ?” ಎಂದು ಕೂಗಿದರು.

ಮಗಳ ಮನೆಯ ಮೆಟ್ಟಿಲು ಹತ್ತುತ್ತ ಅವನು ಮಾತು ಜೋಡಿಸಿಕೊಂಡ. ಎಲ್ಲವನ್ನೂ ಹೇಳಬೇಕು, ಬಿಡಬಾರದು. ಫೋನಿನ ಮಾತು ಹೇಳುವುದು ಕಷ್ಟವೇನಲ್ಲ, ಅದು ಅಳಿಯನಿಗೆ ಗೊತ್ತಿದೆ. ಸಾಹೇಬರಿಗೆ ಹೇಳಿದ್ದು ಗೊತ್ತಿಲ್ಲ. ಅದನ್ನು ಹೇಳದಿದ್ದರೆ ನಾಳೆ ಆ ಮಾತೇ ಅವನ ಕೆಲಸ ತಿನ್ನುತ್ತದೆ.

ಬಾಗಿಲು ಮುಂದೆ ಮಾಡಿತ್ತಷ್ಟೆ. ಒಳಗೆ ದೀಪ ಹಚ್ಚಿರಲಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಅಳಿಯನ ದೊಡ್ಡ ಹೆಗಲು, ಹೆಗಲಿನ ಮೇಲೆ ಮಗುವಿನ ತಲೆ ಗುರುತು ಸಿಕ್ಕಿತು. ಬೆಳಕು ಹೋದದ್ದಕ್ಕೆ ಮಂಚದ ಕೆಳಗಿನಿಂದ ಎದ್ದು ಬಂದಿರಬೇಕು. ಪೇಂಟರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕತ್ತಲೆ ಇದ್ದದ್ದು ಒಳ್ಳೆಯದಾಯಿತು ಎನಿಸಿತು. ಬೆಳಕಿನಲ್ಲಿ ಈ ಮಾತು ಆಡುವುದು ಅವನಿಂದ ಆಗುತ್ತಿರಲಿಲ್ಲ.

“ಅಳಿಯಂದ್ರೇ” ಎಂದ. ಇದುವರೆಗೆ ಅವನನ್ನು ಹಾಗೆ ಕರೆದವನಲ್ಲ. “ಫೋನಲ್ಲಿ ನಾನು ಆಡಿದ್ದನ್ನ ನೀವು ಕೇಳಿಸಿಕೊಂಡಿದ್ರಿ ಅಂತ ಈಗ ಗೊತ್ತಾಯ್ತು. ಅದಕ್ಕಿಂತ ದೊಡ್ಡ ತಪ್ಪು ಒಂದು ಮಾಡಿದೀನಿ. ಡಿಪೋ ಸಾಹೇಬರು ಕೇಳಿದಾಗ, ನೀವು ಕುಡೀತೀರಿ ಅನ್ನೋ ಹಾಗೆ ಮಾತಾಡಿದೆ. ನಾನೇ. ಬೇರೆ ಯಾರೂ ಅಲ್ಲ. ನಾಳೆ ನಾನೂ ಜೊತೆಗೆ ಬರ್ತೀನಿ. ಸಾಹೇಬರ ಮುಂದೆ ನಿಂತು, ಸುಳ್ಳು ಹೇಳಿದ್ದೆ, ಇವರ ನಿದ್ದೆ ಕೆಡಿಸಿದ್ದು ನಾನು ಮಾಡಿದ ಬೋರ್ಡು ಅಂತ ಹೇಳ್ತೀನಿ. ನೀವು ಕ್ಷಮಿಸಬೇಕು ಅಂತ ಕೇಳಲ್ಲ. ಬೈಯಿರಿ. ಏನಾದ್ರೂ ಅನ್ನಿ.”

ಅಳಿಯ ಏನೂ ಅನ್ನಲಿಲ್ಲ. ಪೇಂಟರ್ ಕಾದ. ಅನ್ನದೆ ಇರುವುದೇ ನ್ಯಾಯ, ತಾನು ಇದಕ್ಕೆ ತಕ್ಕವನೇ ಎಂದುಕೊಂಡ. ಕಣ್ಣಲ್ಲಿ ನೀರು ಬಂದದ್ದನ್ನು ತೋಳಲ್ಲಿ ಒರೆಸಿಕೊಂಡ. “ಒಂದು ಮಾತಾದ್ರೂ ಆಡಿ” ಎಂದು ಮತ್ತೊಂದು ಹೆಜ್ಜೆ ಹತ್ತಿರ ಹೋದ.

ಆಗ ಕೇಳಿಸಿತು. ಉದ್ದನೆಯ, ನಿಧಾನದ, ಅಡೆತಡೆಯಿಲ್ಲದ ಉಸಿರು. ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟ ಉಸಿರು.

“ಬೆಳಕು ಆರಿತು ಅಂತ ಎದ್ದು ಮಗು ಎತ್ತಿಕೊಂಡು ಕೂತ್ರು, ಕೂತಲ್ಲೇ ಮಲಗಿಬಿಟ್ರು” ಎಂದು ಕತ್ತಲೆಯಲ್ಲಿ ಮಂಚದ ಕಡೆಯಿಂದ ಮಗಳ ಪಿಸುದನಿ ಬಂತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ಅವನಿಗೆ ತಿಳಿಯಲಿಲ್ಲ. “ಎಬ್ಬಿಸಬೇಡ ಅಪ್ಪ. ಬೆಳಿಗ್ಗೆ ಹೇಳು.”

ಬೆಳಿಗ್ಗೆ, ಆ ಮುಖ ನೋಡುತ್ತ, ಮತ್ತೆ ಮೊದಲಿನಿಂದ. ಪೇಂಟರ್ ತಲೆಯಾಡಿಸಿದ, ಕತ್ತಲೆಯಲ್ಲಿ ಅದು ಕಾಣುವುದಿಲ್ಲ ಎಂಬುದನ್ನು ಮರೆತು. ಚಪ್ಪಲಿ ಸದ್ದಾಗುತ್ತದೆಂದು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕಾಲಡಿಗೆ ಹರಿದ ರಟ್ಟು ಸಿಕ್ಕಿತು. ತುಳಿದರೆ ಸದ್ದಾದೀತೆಂದು ಅಲ್ಲೇ, ಅಳಿಯನ ಕುರ್ಚಿಯ ಪಕ್ಕ, ನೆಲದ ಮೇಲೆ ಮೆಲ್ಲಗೆ ಕೂತ. ಕೂರುವಾಗ ಊರಿದ ಕೈಗೆ ಟೇಪಿನ ಒಂದು ಚೂರು ಅಂಟಿಕೊಂಡಿತು. ಅದನ್ನು ಬಲಗೈಯಿಂದ ಬಿಡಿಸಿದರೆ ಎಡಗೈಗೆ ಹತ್ತುತ್ತಿತ್ತು, ಎಡಗೈಯಿಂದ ಬಿಡಿಸಿದರೆ ಬಲಗೈಗೆ. ಸದ್ದು ಮಾಡದೆ ಅವನು ಅದನ್ನು ಬಿಡಿಸುತ್ತಲೇ ಕೂತ.